ಸಂವಿಧಾನದ ಮೊದಲ ಕರಡು ಬರೆದ ಬೆನಗಲ್ ನರಸಿಂಗ ರಾವ್

ಬೋಧನಾಭ್ಯಾಸದ ದಿನಗಳಲ್ಲಿ ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಗಳು ನಮ್ಮ ಸಂವಿಧಾನ ಎಂಬ ಘಟಕವನ್ನು ಹೆಚ್ಚುಕಡಿಮೆ ಒಂದೇ ರೀತಿಯಲ್ಲಿ ಬೋಧಿಸುತ್ತಾರೆ. 1946ರ ಡಿಸೆಂಬರ್ 9ರಂದು ಸಂವಿಧಾನ ರಚನಾ ಸಭೆಯ ಮೊದಲ ಸಭೆ, ಅಧ್ಯಕ್ಷರು ಡಾ. ರಾಜೇಂದ್ರ ಪ್ರಸಾದ್, ಕರಡು ಸಮಿತಿಯ ಅಧ್ಯಕ್ಷರು ಡಾ. ಅಂಬೇಡ್ಕರ್, 1949ರ ನವೆಂಬರ್ 26ರಂದು ಅಂಗೀಕಾರ, 1950ರ ಜನವರಿ 26ರಂದು ಜಾರಿ. ಮೌಲ್ಯಮಾಪನದಲ್ಲಿ ಮಕ್ಕಳು ಈ ದಿನಾಂಕಗಳನ್ನು ಸರಿಯಾಗಿ ಒಪ್ಪಿಸುತ್ತಾರೆ. ಆದರೆ ಯಾವ ತರಗತಿಯಲ್ಲಾದರೂ ಒಂದಲ್ಲ ಒಂದು ಮಗು ಕೇಳಬಹುದಾದ ಎರಡು ಪ್ರಶ್ನೆಗಳಿವೆ. ಬರೆಯುವಾಗ ಜನರನ್ನು ಕೇಳಿದ್ದರೇ? ಬರೆದದ್ದನ್ನು ಸರ್ಕಾರ ಪಾಲಿಸುತ್ತದೆಯೇ? ಈ ಎರಡಕ್ಕೂ ದಿನಾಂಕಗಳ ಪಟ್ಟಿಯಲ್ಲಿ ಉತ್ತರ ಸಿಗುವುದಿಲ್ಲ. ಒಬ್ಬ ಮನುಷ್ಯನ ಜೀವನಕಥೆಯಲ್ಲಿ ಸಿಗುತ್ತದೆ ಎಂಬುದು ನನ್ನ ಅನಿಸಿಕೆ. ಆ ವ್ಯಕ್ತಿ ನಮ್ಮ ಕರಾವಳಿಯವರು, ಸಂವಿಧಾನ ರಚನಾ ಸಭೆಯ ಸಾಂವಿಧಾನಿಕ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್.

ಮಂಗಳೂರಿನಿಂದ ಕಲ್ಕತ್ತದವರೆಗೆ

ನರಸಿಂಗ ರಾವ್ ಹುಟ್ಟಿದ್ದು 1887ರ ಫೆಬ್ರವರಿ 26ರಂದು. ತಂದೆ ಬೆನಗಲ್ ರಾಘವೇಂದ್ರ ರಾವ್ ವೈದ್ಯರು. ಮನೆಯ ಮಕ್ಕಳಲ್ಲಿ ಇನ್ನಿಬ್ಬರೂ ಮುಂದೆ ದೇಶಕ್ಕೆ ಪರಿಚಿತರಾದರು. ಬೆನಗಲ್ ರಾಮರಾವ್ ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು. ಬಿ. ಶಿವರಾವ್ ಪತ್ರಕರ್ತರಾಗಿ ಹೆಸರು ಮಾಡಿ ಸಂವಿಧಾನ ರಚನಾ ಸಭೆಯ ಸದಸ್ಯರೂ ಆದರು.

ನರಸಿಂಗ ರಾವ್ ಓದಿದ್ದು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ. ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಸ್ಥಾಪಿಸಿದ ಶಾಲೆಯದು. ಅಲ್ಲಿಂದ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ, ಅಲ್ಲಿಂದ ವಿದ್ಯಾರ್ಥಿವೇತನದ ಮೇಲೆ ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿಗೆ ಹೋದರು. ಅಲ್ಲಿ ಅವರು ಆರಿಸಿಕೊಂಡದ್ದು ಗಣಿತ. ಜವಾಹರಲಾಲ್ ನೆಹರೂ ಅದೇ ಕಾಲೇಜಿನಲ್ಲಿ ಅದೇ ವರ್ಷಗಳಲ್ಲಿ ಓದುತ್ತಿದ್ದರು. ಓದು ಮುಗಿದ ಮೇಲೆ ಒಬ್ಬರು ಸ್ವಾತಂತ್ರ್ಯ ಹೋರಾಟಕ್ಕೆ ಇಳಿದರು. ಇನ್ನೊಬ್ಬರು ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬಂಗಾಳದಲ್ಲಿ ಸರ್ಕಾರಿ ಸೇವೆಗೆ ಸೇರಿದರು. ನಲವತ್ತು ವರ್ಷಗಳ ನಂತರ ಇಬ್ಬರೂ ಒಂದೇ ಕೆಲಸದಲ್ಲಿ ಮತ್ತೆ ಕೂಡಿದರು.

ಬಂಗಾಳದಲ್ಲಿ ನ್ಯಾಯಾಧೀಶರಾಗಿ, ಅಸ್ಸಾಮಿನಲ್ಲಿ ಶಾಸನ ಸಭೆಯ ಕಾರ್ಯದರ್ಶಿಯಾಗಿ ರಾವ್ ದುಡಿದರು. 1935ರ ಭಾರತ ಸರ್ಕಾರ ಕಾಯ್ದೆ ಬಂದಾಗ ದೇಶದ ಹಳೆಯ ಶಾಸನಗಳನ್ನೆಲ್ಲ ಅದಕ್ಕೆ ಹೊಂದುವಂತೆ ಪರಿಷ್ಕರಿಸುವ ಕೆಲಸ ಅವರ ಪಾಲಿಗೆ ಬಂತು. ಆಮೇಲೆ ಕಲ್ಕತ್ತ ಹೈಕೋರ್ಟಿನ ನ್ಯಾಯಮೂರ್ತಿಯಾದರು. ಸಿಂಧೂ ನದಿಯ ನೀರಿಗಾಗಿ ಸಿಂಧ್ ಮತ್ತು ಪಂಜಾಬ್ ಪ್ರಾಂತಗಳ ನಡುವೆ ವಿವಾದ ಎದ್ದಾಗ ಅದರ ವಿಚಾರಣೆಗೆ ನೇಮಿಸಿದ ಆಯೋಗದ ಅಧ್ಯಕ್ಷರಾದರು. 1944–45ರಲ್ಲಿ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಿಯಾಗಿದ್ದರು. ಇಷ್ಟನ್ನು ನೋಡಿದರೆ ಅವರದು ಒಬ್ಬ ದಕ್ಷ ಅಧಿಕಾರಿಯ ಜೀವನ. ನಮಗೆ ಮುಖ್ಯವಾದದ್ದು ಇದರ ನಡುವೆಯೇ ಬಂದ ಇನ್ನೊಂದು ಕೆಲಸ.

ಜನರ ಮುಂದೆ ಹೋದ ಮೊದಲ ಕರಡು

1941ರಲ್ಲಿ ಸರ್ಕಾರ ಹಿಂದೂ ಕಾನೂನು ಸಮಿತಿಯನ್ನು ನೇಮಿಸಿತು. ರಾವ್ ಅದರ ಅಧ್ಯಕ್ಷರು. ವಿಧವೆಯರ ಆಸ್ತಿಯ ಹಕ್ಕಿನ ಬಗ್ಗೆ 1937ರಲ್ಲಿ ಬಂದಿದ್ದ ಕಾಯ್ದೆಯ ಗೊಂದಲಗಳನ್ನು ಪರಿಶೀಲಿಸುವುದು ಸಮಿತಿಗೆ ವಹಿಸಿದ್ದ ಕೆಲಸ. ಒಂದು ತುಂಡನ್ನು ಮಾತ್ರ ರಿಪೇರಿ ಮಾಡಿದರೆ ಸಾಲದು, ವಿವಾಹ, ದತ್ತು, ಉತ್ತರಾಧಿಕಾರ ಎಲ್ಲವನ್ನೂ ಸೇರಿಸಿ ಸಂಹಿತೆಯೊಂದನ್ನು ರಚಿಸಬೇಕು ಎಂದು ಸಮಿತಿ ಅಭಿಪ್ರಾಯಪಟ್ಟಿತು. ಮೈಸೂರು ಸಂಸ್ಥಾನ 1933ರಲ್ಲಿಯೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆಯನ್ನು ಮಾಡಿಕೊಂಡಿತ್ತು ಎಂಬುದನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ಇಲ್ಲಿ ಸೇರಿಸಿ ಹೇಳಬಹುದು.

1944ರಲ್ಲಿ ಸಮಿತಿ ಮತ್ತೆ ಜೀವ ಪಡೆದಾಗ ಕರಡು ಸಂಹಿತೆ ಸಿದ್ಧವಾಯಿತು. ಅದನ್ನು ಪ್ರಾದೇಶಿಕ ಭಾಷೆಗಳಿಗೆ ಅನುವಾದಿಸಿ ಹಂಚಿದರು. 1945ರಲ್ಲಿ ಸಮಿತಿ ಊರೂರು ಸುತ್ತಿ ಸಾಕ್ಷ್ಯ ಕೇಳಿತು. ಪಂಡಿತರು ಬಂದರು, ವಕೀಲರು ಬಂದರು, ಮಹಿಳಾ ಸಂಘಗಳವರು ಬಂದರು. ಧರ್ಮಕ್ಕೆ ಕೈಹಾಕಬೇಡಿ ಎಂದು ವಿರೋಧಿಸಿದವರು ಬಹಳ. ಇಷ್ಟಾದರೂ ಸಾಲದು ಎಂದವರೂ ಇದ್ದರು. ಸಮಿತಿಯೊಳಗೇ ಒಬ್ಬ ಸದಸ್ಯರು ಭಿನ್ನಮತ ಬರೆದರು. 1947ರ ವರದಿಯಲ್ಲಿ ಇದೆಲ್ಲವೂ ದಾಖಲಾಯಿತು. ಮುಂದೆ ಈ ಸಂಹಿತೆ ಸಂಸತ್ತಿನಲ್ಲಿ ನಿಂತುಹೋದಾಗಲೇ 1951ರಲ್ಲಿ ಡಾ. ಅಂಬೇಡ್ಕರ್ ಮಂತ್ರಿಪದವಿಗೆ ರಾಜೀನಾಮೆ ಕೊಟ್ಟರು. ಕೊನೆಗೆ 1955–56ರಲ್ಲಿ ಬಿಡಿಬಿಡಿ ಕಾಯ್ದೆಗಳಾಗಿ ಅದು ಜಾರಿಗೆ ಬಂತು.

ಈ ಅನುಭವ ರಾವ್ ಅವರಿಗೆ ಕಲಿಸಿದ್ದೇನು ಎಂದು ಅವರ ಮುಂದಿನ ಕೆಲಸವನ್ನು ನೋಡಿ ನಾನು ಊಹಿಸುತ್ತೇನೆ. ಜನರ ಅಭಿಪ್ರಾಯ ಕೇಳುವುದೆಂದರೆ ಎಲ್ಲರೂ ಹೇಳಿದ್ದನ್ನು ಒಪ್ಪಿಕೊಳ್ಳುವುದಲ್ಲ. ಹೇಳಿದ್ದನ್ನು ಬರೆದಿಟ್ಟುಕೊಂಡು, ಒಪ್ಪದಿದ್ದರೆ ಏಕೆ ಒಪ್ಪಲಿಲ್ಲ ಎಂದು ಕಾರಣ ಕೊಡುವುದು.

ಮತವಿಲ್ಲದ ಸಲಹೆಗಾರ

1946ರ ಜುಲೈನಲ್ಲಿ ರಾವ್ ಸಂವಿಧಾನ ರಚನಾ ಸಭೆಯ ಸಾಂವಿಧಾನಿಕ ಸಲಹೆಗಾರರಾದರು. ಈ ಕೆಲಸಕ್ಕೆ ಅವರು ಸಂಬಳ ತೆಗೆದುಕೊಳ್ಳಲಿಲ್ಲ. ಅವರು ಸಭೆಯ ಸದಸ್ಯರಲ್ಲ ಎಂಬುದನ್ನು ಪಾಠದಲ್ಲಿ ಸ್ಪಷ್ಟಪಡಿಸಬೇಕು. ಅವರಿಗೆ ಮತವಿರಲಿಲ್ಲ, ಸಭೆಯಲ್ಲಿ ಮಾತನಾಡುವ ಹಕ್ಕೂ ಇರಲಿಲ್ಲ. ಸದಸ್ಯರಿಗೆ ಬೇಕಾದ ಸಾಮಗ್ರಿ ಒದಗಿಸುವುದು ಅವರ ಕೆಲಸ. ಬೇರೆ ಬೇರೆ ದೇಶಗಳ ಸಂವಿಧಾನಗಳಲ್ಲಿ ಏನಿದೆ ಎಂಬುದನ್ನು ಸಂಗ್ರಹಿಸಿ ಪುಸ್ತಿಕೆಗಳನ್ನು ಹೊರತಂದರು. 1947ರ ಮಾರ್ಚ್‌ನಲ್ಲಿ ಕೇಂದ್ರ ಮತ್ತು ಪ್ರಾಂತಗಳ ಶಾಸಕರಿಗೆ ಒಂದು ಪ್ರಶ್ನಾವಳಿ ಕಳಿಸಿದರು. ರಾಷ್ಟ್ರದ ಮುಖ್ಯಸ್ಥ ಹೇಗಿರಬೇಕು, ಅವರ ಆಯ್ಕೆ ಹೇಗೆ, ಕಾರ್ಯಾಂಗದ ಸ್ವರೂಪ ಯಾವುದು ಎಂಬಂಥ ಪ್ರಶ್ನೆಗಳು. ಉತ್ತರ ಕಳಿಸಿದವರು ಕೆಲವೇ ಮಂದಿ. ಆಗ ರಾವ್ ತಮ್ಮದೇ ಟಿಪ್ಪಣಿಗಳೊಂದಿಗೆ ಉತ್ತರಗಳನ್ನು ಸಿದ್ಧಪಡಿಸಿ ಸಮಿತಿಗಳ ಮುಂದಿಟ್ಟರು.

1947ರ ಅಕ್ಟೋಬರ್ ಹೊತ್ತಿಗೆ ಅವರ ಮೊದಲ ಕರಡು ಸಿದ್ಧವಾಯಿತು. ಅದರಲ್ಲಿ 243 ವಿಧಿಗಳು, 13 ಅನುಸೂಚಿಗಳಿದ್ದವು. ಡಾ. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ಅದನ್ನು ಸಾಲು ಸಾಲಾಗಿ ಪರಿಶೀಲಿಸಿ, ತಿದ್ದಿ, ಬೆಳೆಸಿ, 315 ವಿಧಿ ಮತ್ತು 8 ಅನುಸೂಚಿಗಳ ಕರಡನ್ನು 1948ರ ಫೆಬ್ರವರಿ 21ರಂದು ಸಭೆಯ ಅಧ್ಯಕ್ಷರಿಗೆ ಒಪ್ಪಿಸಿತು. ಸಭೆ ಅಂತಿಮವಾಗಿ ಅಂಗೀಕರಿಸಿದ್ದು 395 ವಿಧಿಗಳನ್ನು.

ಇಲ್ಲಿ ಒಂದು ಎಚ್ಚರಿಕೆ. ಸಂವಿಧಾನವನ್ನು ನಿಜವಾಗಿ ಬರೆದವರು ಯಾರು ಎಂದು ರಾವ್ ಅವರನ್ನು ಅಂಬೇಡ್ಕರರಿಗೆ ಎದುರಾಗಿ ನಿಲ್ಲಿಸುವ ಮಾತು ಆಗಾಗ ಕೇಳಿಬರುತ್ತದೆ. ಪ್ರಶಿಕ್ಷಣಾರ್ಥಿಗಳು ಆ ಬಲೆಗೆ ಬೀಳಬಾರದು. ಮೊದಲ ಕರಡಿನ ಶ್ರೇಯಸ್ಸು ರಾವ್ ಅವರಿಗೆ ಸೇರಬೇಕೆಂದು 1949ರ ನವೆಂಬರ್ 25ರ ಭಾಷಣದಲ್ಲಿ ಹೇಳಿದವರು ಸ್ವತಃ ಅಂಬೇಡ್ಕರ್. ಕರಡುಗಾರ ಎಸ್.ಎನ್. ಮುಖರ್ಜಿಯವರನ್ನೂ ಅವರು ಅಲ್ಲಿ ನೆನೆದರು. ಕರಡನ್ನು ಸಮಿತಿಯಲ್ಲಿ ತಿದ್ದಿ ರೂಪಿಸಿ, ಸಭೆಯಲ್ಲಿ ಪ್ರತಿಯೊಂದು ವಿಧಿಯನ್ನು ಸಮರ್ಥಿಸಿ, ತಿದ್ದುಪಡಿಗಳಿಗೆ ಉತ್ತರ ಹೇಳಿ ಅದನ್ನು ದಡ ಸೇರಿಸಿದ ಹೊಣೆ ಅಂಬೇಡ್ಕರರದು. ಇಬ್ಬರ ಕೆಲಸವೂ ಬೇರೆ ಬೇರೆ ಬಗೆಯದು, ಎರಡೂ ಬೇಕಾಗಿದ್ದವು.

ಜನರನ್ನು ಕೇಳಿದ್ದರೇ?

ಈಗ ಮಗುವಿನ ಮೊದಲ ಪ್ರಶ್ನೆ. ಪ್ರಾಮಾಣಿಕ ಉತ್ತರ ಹೌದು ಮತ್ತು ಇಲ್ಲ ಎರಡೂ. ಸಂವಿಧಾನ ರಚನಾ ಸಭೆಯ ಸದಸ್ಯರನ್ನು ಜನ ನೇರವಾಗಿ ಆರಿಸಲಿಲ್ಲ. ಪ್ರಾಂತೀಯ ಶಾಸನ ಸಭೆಗಳು ಆರಿಸಿದವು. ಆ ಶಾಸನ ಸಭೆಗಳಿಗೆ ಮತ ಹಾಕುವ ಹಕ್ಕು ಇದ್ದದ್ದು ಆಸ್ತಿ, ತೆರಿಗೆ, ವಿದ್ಯೆ ಇದ್ದವರಿಗೆ, ಅಂದರೆ ವಯಸ್ಕರಲ್ಲಿ ಸುಮಾರು ಕಾಲುಭಾಗಕ್ಕೆ ಮಾತ್ರ. ಸಂಸ್ಥಾನಗಳ ಪ್ರತಿನಿಧಿಗಳು ಬೇರೆ ದಾರಿಯಿಂದ ಬಂದರು. ಮುಗಿದ ಸಂವಿಧಾನವನ್ನು ಜನಮತಗಣನೆಗೂ ಹಾಕಲಿಲ್ಲ.

ಆದರೆ ಕರಡನ್ನು ಮುಚ್ಚಿಡಲಿಲ್ಲ. 1948ರ ಫೆಬ್ರವರಿಯಿಂದ ನವೆಂಬರ್‌ವರೆಗೆ ಎಂಟು ತಿಂಗಳು ಅದು ಸಾರ್ವಜನಿಕರ ಮುಂದಿತ್ತು. ಪ್ರಾಂತೀಯ ಸರ್ಕಾರಗಳು, ನ್ಯಾಯಾಧೀಶರು, ವಕೀಲರು, ಸಂಘ ಸಂಸ್ಥೆಗಳು, ಸಾಮಾನ್ಯ ನಾಗರಿಕರು ಅಭಿಪ್ರಾಯ ಬರೆದು ಕಳಿಸಿದರು. ಸಲಹೆಗಾರರ ಕಚೇರಿ ಅವನ್ನು ವಿಧಿವಾರು ವಿಂಗಡಿಸಿ, ಪಕ್ಕದಲ್ಲಿ ತನ್ನ ಟಿಪ್ಪಣಿಯನ್ನೂ ಸೇರಿಸಿ ಕರಡು ಸಮಿತಿಗೆ ಕೊಟ್ಟಿತು. ಹಿಂದೂ ಕಾನೂನು ಸಮಿತಿಯಲ್ಲಿ ರೂಢಿಯಾದ ಕ್ರಮ ಇಲ್ಲಿಯೂ ಮುಂದುವರಿಯಿತು. ಸಭೆಯಲ್ಲಿ ಕರಡಿಗೆ ಸುಮಾರು 7,635 ತಿದ್ದುಪಡಿಗಳ ಸೂಚನೆ ಬಂದು, 2,473 ತಿದ್ದುಪಡಿಗಳು ಮಂಡನೆಯಾದವು. ಸಂವಿಧಾನ ಪರಿಶೀಲನೆಯಲ್ಲಿದ್ದ ಅವಧಿಯಲ್ಲಿ ವೀಕ್ಷಕರ ಗ್ಯಾಲರಿಗೆ ಬಂದು ಕುಳಿತವರು 53,000 ಮಂದಿ ಎಂದು ಅಧ್ಯಕ್ಷರು ಲೆಕ್ಕ ಕೊಟ್ಟಿದ್ದಾರೆ. ಈ ಸಂಖ್ಯೆಯನ್ನು ಕಪ್ಪುಹಲಗೆಯ ಮೇಲೆ ಬರೆಯುವುದು ಅಂಗೀಕಾರದ ದಿನಾಂಕ ಬರೆಯುವಷ್ಟೇ ಮುಖ್ಯ.

ಇನ್ನೂ ಒಂದು ದಾರಿಯಿತ್ತು, ಪಠ್ಯಪುಸ್ತಕದಲ್ಲಿ ಅದಕ್ಕೆ ಜಾಗ ಸಿಗುವುದು ಕಡಿಮೆ. ವಯಸ್ಕ ಮತದಾನದ ವಿಧಿಯನ್ನು ಸಭೆ ಅಂಗೀಕರಿಸಿದ್ದು 1949ರ ಜೂನ್‌ನಲ್ಲಿ. ಅದಕ್ಕಿಂತ ಒಂದು ವರ್ಷ ಮೊದಲೇ, 1948ರಲ್ಲಿ, ಸಭೆಯ ಸಚಿವಾಲಯ ಮತದಾರರ ಪಟ್ಟಿ ತಯಾರಿಸಲು ಪ್ರಾಂತ ಮತ್ತು ಸಂಸ್ಥಾನಗಳಿಗೆ ಸೂಚನೆ ಕೊಟ್ಟಿತು. ದೇಶ ವಿಭಜನೆಯಿಂದ ಮನೆಮಠ ಕಳೆದುಕೊಂಡು ಬಂದ ನಿರಾಶ್ರಿತರಿಗೆ ವಿಳಾಸವೇ ಇರಲಿಲ್ಲ. ತಮ್ಮ ಹೆಸರು ಸೇರಬೇಕೆಂದು ಅವರ ಪರವಾಗಿ ಸಂಘಗಳು ಸಚಿವಾಲಯಕ್ಕೆ ಪತ್ರ ಬರೆದವು. ಇಲ್ಲೇ ನೆಲೆಸುವ ಉದ್ದೇಶವಿದೆ ಎಂಬ ಘೋಷಣೆ ಕೊಟ್ಟರೆ ಸಾಕು, ಹೆಸರು ಸೇರಿಸಿ ಎಂದು ಸಚಿವಾಲಯ ನಿರ್ದೇಶಿಸಿತು. ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ ಸುಮಾರು 28 ಲಕ್ಷ ಹೆಂಗಸರ ಹೆಸರುಗಳನ್ನು ಕೊನೆಗೆ ಪಟ್ಟಿಯಿಂದ ಕೈಬಿಡಬೇಕಾಯಿತು ಎಂಬುದೂ ನಿಜ. ಆದರೂ 1951–52ರ ಮೊದಲ ಮಹಾ ಚುನಾವಣೆಯ ಪಟ್ಟಿಯಲ್ಲಿ 17 ಕೋಟಿಗೂ ಹೆಚ್ಚು ಮತದಾರರಿದ್ದರು. ಸಂವಿಧಾನದ ಅಕ್ಷರ ಓದಲು ಬಾರದ ಕೋಟ್ಯಂತರ ಜನ ಅದರೊಳಗೆ ಹೆಜ್ಜೆಯಿಟ್ಟದ್ದು ಹೀಗೆ, ಪಟ್ಟಿಯಲ್ಲಿ ತಮ್ಮ ಹೆಸರಿದೆಯೇ ಎಂದು ವಿಚಾರಿಸುವ ಮೂಲಕ.

ಎರಡು ಪದಗಳ ಕಥೆ

1947ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ರಾವ್ ಅಮೆರಿಕ, ಕೆನಡಾ, ಐರ್ಲೆಂಡ್ ಮತ್ತು ಇಂಗ್ಲೆಂಡಿಗೆ ಹೋಗಿ ಅಲ್ಲಿನ ನ್ಯಾಯಾಧೀಶರನ್ನೂ ಆಡಳಿತಗಾರರನ್ನೂ ಕಂಡು ಮಾತನಾಡಿದರು. ಆ ಪ್ರವಾಸದಿಂದ ನಮ್ಮ ಸಂವಿಧಾನದ ಒಂದು ವಿಧಿಯ ಮಾತು ಬದಲಾಯಿತು. ಎರಡನೆಯ ಪ್ರಶ್ನೆಯ ಉತ್ತರ ಅಲ್ಲಿದೆ.

ಅಮೆರಿಕದ ಸಂವಿಧಾನದಲ್ಲಿ ಡ್ಯೂ ಪ್ರಾಸೆಸ್ ಎಂಬ ಮಾತಿದೆ. ನ್ಯಾಯಸಮ್ಮತವಾದ ಕ್ರಮವಿಲ್ಲದೆ ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಆಸ್ತಿಯನ್ನೂ ಕಸಿಯುವಂತಿಲ್ಲ ಎಂಬುದು ಅದರ ಭಾವ. ಕೇಳಲು ಚೆನ್ನಾಗಿದೆ. ಆದರೆ ಅಲ್ಲಿನ ಸುಪ್ರೀಂ ಕೋರ್ಟ್ ಅದೇ ಮಾತನ್ನು ಹಿಡಿದು, ಬೇಕರಿ ಕೆಲಸಗಾರರನ್ನು ವಾರಕ್ಕೆ 60 ಗಂಟೆಗಿಂತ ಹೆಚ್ಚು ದುಡಿಸಬಾರದೆಂಬ ನ್ಯೂಯಾರ್ಕಿನ ಕಾನೂನನ್ನು 1905ರಲ್ಲಿ ರದ್ದುಮಾಡಿತ್ತು. ಹೆಣ್ಣಾಳುಗಳಿಗೆ ಕನಿಷ್ಠ ಕೂಲಿ ಗೊತ್ತುಮಾಡಿದ ಕಾನೂನನ್ನು 1923ರಲ್ಲಿ ರದ್ದುಮಾಡಿತ್ತು. ಸ್ವಾತಂತ್ರ್ಯವೆಂದರೆ ಕರಾರು ಮಾಡಿಕೊಳ್ಳುವ ಸ್ವಾತಂತ್ರ್ಯವೂ ಹೌದು ಎಂಬುದು ಆ ತೀರ್ಪುಗಳ ವಾದ. ಅಮೆರಿಕದ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ರಾವ್ ಅವರೊಂದಿಗೆ ಮಾತನಾಡುವಾಗ ಇಂಥ ಅಧಿಕಾರ ನ್ಯಾಯಾಧೀಶರ ಕೈಯಲ್ಲಿರುವುದು ಪ್ರಜಾಪ್ರಭುತ್ವಕ್ಕೆ ಒಪ್ಪುವುದಿಲ್ಲ ಎಂಬ ಅಭಿಪ್ರಾಯ ಕೊಟ್ಟರು. ಜಮೀನ್ದಾರಿ ರದ್ದುಮಾಡಲು, ದುಡಿಯುವವರನ್ನು ಕಾಪಾಡಲು ಹೊರಟ ಹೊಸ ದೇಶದಲ್ಲಿ ಇಂಥದೇ ಅಡ್ಡಿ ಎದುರಾದೀತು ಎಂಬ ಆತಂಕ ರಾವ್ ಅವರಿಗಾಯಿತು. ಕರಡು ಸಮಿತಿ ಆ ಮಾತನ್ನು ತೆಗೆದು, ಜಪಾನಿನ ಸಂವಿಧಾನದಲ್ಲಿರುವಂತೆ ಕಾನೂನು ಸ್ಥಾಪಿಸಿದ ಕಾರ್ಯವಿಧಾನ ಎಂಬ ಮಾತನ್ನು ಸೇರಿಸಿತು. ಇದೇ ನಮ್ಮ 21ನೆಯ ವಿಧಿ. ರಾಜ್ಯನೀತಿಯ ನಿರ್ದೇಶಕ ತತ್ವಗಳನ್ನು ಜಾರಿಗೊಳಿಸುವ ಕಾನೂನು ಮೂಲಭೂತ ಹಕ್ಕುಗಳಿಗೆ ವಿರುದ್ಧವಾದರೂ ಅಸಿಂಧುವಾಗಬಾರದು ಎಂದೂ ರಾವ್ ಸೂಚಿಸಿದ್ದರು. ಅದು ಆಗ ಅಂಗೀಕಾರವಾಗಲಿಲ್ಲ.

ಮೊದಲ ಮಾತು ಕೇಳುತ್ತದೆ: ಈ ಕ್ರಮ ನ್ಯಾಯವೇ? ಎರಡನೆಯ ಮಾತು ಕೇಳುತ್ತದೆ: ಈ ಕ್ರಮಕ್ಕೆ ಕಾನೂನು ಇದೆಯೇ? ಕಾನೂನು ಮಾಡುವವರು ಜನಪ್ರತಿನಿಧಿಗಳು, ಅವರನ್ನು ನಂಬೋಣ ಎಂಬುದು ಈ ಬದಲಾವಣೆಯ ಹಿಂದಿದ್ದ ವಿಚಾರ. ಸಭೆಯಲ್ಲಿ ಹಲವು ಸದಸ್ಯರು ಇದನ್ನು ಬಲವಾಗಿ ವಿರೋಧಿಸಿದರು. ವಿಚಾರಣೆಯಿಲ್ಲದೆ ಜನರನ್ನು ಬಂಧಿಸಿಡಲು ದಾರಿಯಾಗುತ್ತದೆ ಎಂಬುದು ಅವರ ಭಯ. ಆ ಭಯ ನಿಜವಾಗಲು ಬಹಳ ಕಾಲ ಬೇಕಾಗಲಿಲ್ಲ.

ಸರ್ಕಾರ ಪಾಲಿಸಿತೇ?

ಸಂವಿಧಾನ ಜಾರಿಗೆ ಬಂದ ಒಂದೇ ತಿಂಗಳಲ್ಲಿ, 1950ರ ಫೆಬ್ರವರಿಯಲ್ಲಿ, ಸಂಸತ್ತು ಮುಂಜಾಗ್ರತಾ ಬಂಧನ ಕಾಯ್ದೆ ಮಾಡಿತು. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ತಮ್ಮ ಬಂಧನವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ಆ ವರ್ಷದ ಮೇ ತಿಂಗಳಲ್ಲಿ ಬಂದ ತೀರ್ಪಿನಲ್ಲಿ ಬಹುಮತದ ನ್ಯಾಯಾಧೀಶರು, ಸಂವಿಧಾನಕಾರರು ಡ್ಯೂ ಪ್ರಾಸೆಸ್ ಮಾತನ್ನು ಬೇಕೆಂದೇ ಬಿಟ್ಟಿದ್ದಾರೆ, ಶಾಸಕಾಂಗ ಮಾಡಿದ ಕಾನೂನಿದ್ದರೆ ಸಾಕು ಎಂದರು. ಬಂಧನದ ಕಾರಣವನ್ನು ಕೋರ್ಟಿಗೂ ತಿಳಿಸಬಾರದೆಂದಿದ್ದ ಒಂದು ಕಲಮನ್ನು ಮಾತ್ರ ರದ್ದುಮಾಡಿದರು. ನ್ಯಾಯಮೂರ್ತಿ ಫಜಲ್ ಅಲಿ ಭಿನ್ನಮತ ಬರೆದರು.

ಇನ್ನೊಂದು ಕಡೆ ರಾವ್ ಅವರ ಆತಂಕವೂ ನಿಜವಾಯಿತು. ಭೂ ಸುಧಾರಣೆಯ ಕಾನೂನುಗಳು ಕೋರ್ಟಿನಲ್ಲಿ ಸಿಕ್ಕಿಬಿದ್ದವು. 1951ರಲ್ಲಿ, ಸಂವಿಧಾನಕ್ಕೆ ಇನ್ನೂ ಒಂದೂವರೆ ವರ್ಷ ತುಂಬುವ ಮೊದಲೇ, ಮೊದಲ ತಿದ್ದುಪಡಿ ಬಂತು. ನಿರ್ದೇಶಕ ತತ್ವಗಳ ಬಗ್ಗೆ ರಾವ್ ಮಾಡಿದ್ದ ಸೂಚನೆಯ ಒಂದು ಭಾಗ 1971ರ 25ನೆಯ ತಿದ್ದುಪಡಿಯಲ್ಲಿ ಬೇರೆ ರೂಪದಲ್ಲಿ ಮರಳಿತು. ಅದನ್ನೂ ಸೇರಿಸಿ ಪರಿಶೀಲಿಸಿದ ಮೊಕದ್ದಮೆಯೇ 1973ರ ಕೇಶವಾನಂದ ಭಾರತಿ ಮೊಕದ್ದಮೆ. ಕೇರಳದ ಭೂ ಸುಧಾರಣಾ ಕಾನೂನಿನ ವಿರುದ್ಧ ಕೋರ್ಟಿಗೆ ಹೋದ ಆ ಸ್ವಾಮಿಗಳು ಕಾಸರಗೋಡಿನ ಎಡನೀರು ಮಠದವರು. ರಾವ್ ಹುಟ್ಟಿದ ಕಾಲದಲ್ಲಿ ಮಂಗಳೂರೂ ಕಾಸರಗೋಡೂ ಒಂದೇ ಜಿಲ್ಲೆ. 13 ನ್ಯಾಯಾಧೀಶರ ಪೀಠ 7–6ರ ಬಹುಮತದಿಂದ, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ರಚನೆಯನ್ನು ಕೆಡವುವಂತಿಲ್ಲ ಎಂದು ತೀರ್ಮಾನಿಸಿತು.

ಕಠಿಣ ಪರೀಕ್ಷೆ ಬಂದದ್ದು 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ. ವಿಚಾರಣೆಯಿಲ್ಲದೆ ಸಾವಿರಾರು ಜನ ಬಂಧನಕ್ಕೊಳಗಾದರು. 21ನೆಯ ವಿಧಿಗಾಗಿ ಕೋರ್ಟಿಗೆ ಹೋಗುವ ಹಕ್ಕನ್ನೇ ರಾಷ್ಟ್ರಪತಿಯ ಆದೇಶ ಅಮಾನತಿನಲ್ಲಿಟ್ಟಿತು. ಆದರೂ ಬಂಧಿತರ ಅರ್ಜಿಗಳನ್ನು ಕೇಳುತ್ತೇವೆ ಎಂದು ಹಲವು ಹೈಕೋರ್ಟುಗಳು ಹೇಳಿದವು. ಕರ್ನಾಟಕ ಹೈಕೋರ್ಟ್ ಅವುಗಳಲ್ಲಿ ಒಂದು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಾಧೀಶರು ಆ ಬಾಗಿಲನ್ನು ಮುಚ್ಚಿದರು. ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಮುಂದೆ ಮುಖ್ಯ ನ್ಯಾಯಮೂರ್ತಿಯ ಪದವಿಗೆ ಸರದಿ ಬಂದಾಗ ಅವರನ್ನು ಬಿಟ್ಟು ಕಿರಿಯರನ್ನು ನೇಮಿಸಲಾಯಿತು, ಅವರು ರಾಜೀನಾಮೆ ಕೊಟ್ಟರು. 1977ರ ಮಾರ್ಚ್ ಚುನಾವಣೆಯಲ್ಲಿ ಜನ ಸರ್ಕಾರವನ್ನು ಬದಲಿಸಿದರು. 1978ರ ಜನವರಿಯಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟ್ ಮೊಕದ್ದಮೆಯಲ್ಲಿ ಅದೇ ಸುಪ್ರೀಂ ಕೋರ್ಟ್, ಕಾನೂನು ಸ್ಥಾಪಿಸಿದ ಕಾರ್ಯವಿಧಾನ ನ್ಯಾಯಯುತವೂ ಆಗಿರಬೇಕು ಎಂದು 21ನೆಯ ವಿಧಿಯನ್ನು ಓದಿತು. ರಾವ್ ಬೇಡವೆಂದ ಅರ್ಥ ಮೂವತ್ತು ವರ್ಷಗಳ ನಂತರ ಒಂದು ಅಕ್ಷರವೂ ಬದಲಾಗದೆ ಒಳಗೆ ಬಂತು. ತುರ್ತು ಪರಿಸ್ಥಿತಿಯಲ್ಲೂ 21ನೆಯ ವಿಧಿಯ ರಕ್ಷಣೆಯನ್ನು ಅಮಾನತು ಮಾಡುವಂತಿಲ್ಲ ಎಂದು ಅದೇ ವರ್ಷದ 44ನೆಯ ತಿದ್ದುಪಡಿ ಕಟ್ಟು ಹಾಕಿತು. 1976ರ ತೀರ್ಪನ್ನು ಸುಪ್ರೀಂ ಕೋರ್ಟ್ 2017ರಲ್ಲಿ ಸ್ಪಷ್ಟವಾಗಿ ತಳ್ಳಿಹಾಕಿತು.

ರಾವ್ ಅವರ ಆಯ್ಕೆ ಸರಿಯೇ ಎಂದು ಪ್ರಶಿಕ್ಷಣಾರ್ಥಿಗಳು ಕೇಳಿದರೆ ನಾನು ಹೀಗೆ ಹೇಳುತ್ತೇನೆ. ಉಳುವವನಿಗೆ ಭೂಮಿ ಸಿಗಲು ಆಸ್ತಿವಂತರು ಕೋರ್ಟನ್ನು ಅಡ್ಡ ತರಬಾರದು ಎಂಬ ಅವರ ಕಾಳಜಿ ನ್ಯಾಯವಾದದ್ದು. ಆದರೆ ಆ ಕಾಳಜಿಗೆ ಕೊಟ್ಟ ಬೆಲೆ ಬೇರೆಯವರ ಮೇಲೆ ಬಿತ್ತು, ಜೈಲಿನಲ್ಲಿದ್ದ ಮನುಷ್ಯನ ಮೇಲೆ. ಶಾಸಕಾಂಗ ಸದಾ ಸಂಯಮದಿಂದ ನಡೆಯುತ್ತದೆ ಎಂದು ನಂಬಿ ಬರೆದ ಮಾತು, ಸಂಯಮವಿಲ್ಲದ ದಿನಗಳಲ್ಲಿ ರಕ್ಷಣೆಗೆ ಬರಲಿಲ್ಲ.

ನೆರೆಯ ದೇಶದ ಪಾಠ

ರಾವ್ ನೆರವಾದದ್ದು ಒಂದೇ ಸಂವಿಧಾನಕ್ಕಲ್ಲ. 1947ರಲ್ಲಿ ಬರ್ಮಾ ದೇಶ ತನ್ನ ಸಂವಿಧಾನ ಬರೆಯುವಾಗಲೂ ಅವರ ಸಹಾಯ ಪಡೆಯಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಅದು ಅಂಗೀಕಾರವಾಗಿ, 1948ರ ಜನವರಿ 4ರಂದು ಬರ್ಮಾ ಸ್ವತಂತ್ರವಾದಾಗ ಜಾರಿಗೆ ಬಂತು. ಅದರಲ್ಲಿಯೂ ಮೂಲಭೂತ ಹಕ್ಕುಗಳಿದ್ದವು, ನಿರ್ದೇಶಕ ತತ್ವಗಳಿದ್ದವು, ಸಂಸತ್ತೂ ಸುಪ್ರೀಂ ಕೋರ್ಟೂ ಇದ್ದವು. 1962ರ ಮಾರ್ಚ್ 2ರಂದು ಜನರಲ್ ನೆ ವಿನ್ ನೇತೃತ್ವದ ಸೈನ್ಯ ಅಧಿಕಾರ ಹಿಡಿದು ಅದನ್ನು ಬದಿಗಿಟ್ಟಿತು.

ಒಂದೇ ಕೈಯ ಸಹಾಯ ಪಡೆದ ಎರಡು ಸಂವಿಧಾನಗಳಲ್ಲಿ ಒಂದು 14 ವರ್ಷ ಬಾಳಿತು, ಇನ್ನೊಂದು ಇಂದಿಗೂ ಇದೆ. ಇದಕ್ಕೆ ಕಾರಣಗಳು ಹಲವು. ಬರ್ಮಾದ ಅಂತರ್ಯುದ್ಧ, ಸ್ವಾತಂತ್ರ್ಯಕ್ಕೆ ಮೊದಲೇ ಕೊಲೆಯಾದ ಆಂಗ್ ಸಾನ್, ಸೈನ್ಯದ ಬಲ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದರೆ ಮಕ್ಕಳಿಗೆ ಒಂದು ವಿಷಯವಂತೂ ಇದರಿಂದ ಸ್ಪಷ್ಟವಾಗುತ್ತದೆ. ಚೆನ್ನಾಗಿ ಬರೆದ ಮಾತ್ರಕ್ಕೆ ಸಂವಿಧಾನ ಉಳಿಯುವುದಿಲ್ಲ. ಅರ್ಜಿ ಹಾಕುವವರು, ಭಿನ್ನಮತ ಬರೆಯುವವರು, ಮತ ಹಾಕುವವರು ಇರಬೇಕು, ಅವರ ಮಾತು ನಡೆಯುವ ದಾರಿಗಳೂ ತೆರೆದಿರಬೇಕು.

ಸಂವಿಧಾನ ಅಂಗೀಕಾರವಾಗುವ ಹೊತ್ತಿಗೆ ರಾವ್ ದೆಹಲಿಯಲ್ಲಿರಲಿಲ್ಲ. ವಿಶ್ವಸಂಸ್ಥೆಯಲ್ಲಿ ಭಾರತದ ಖಾಯಂ ಪ್ರತಿನಿಧಿಯಾಗಿದ್ದರು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷತೆ ಅವರ ಸರದಿಯಲ್ಲಿತ್ತು. 1952ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. 1953ರ ನವೆಂಬರ್ 30ರಂದು ಜೂರಿಕ್ ನಗರದಲ್ಲಿ ತೀರಿಕೊಂಡರು. ಅವರ ಟಿಪ್ಪಣಿ, ಬರಹಗಳನ್ನು ಶಿವರಾವ್ ಸಂಪಾದಿಸಿ 1960ರಲ್ಲಿ ಪುಸ್ತಕವಾಗಿ ಹೊರತಂದರು.

ತರಗತಿಯಲ್ಲಿ ಬಳಸುವ ಬಗೆ

ಈ ಜೀವನಕಥೆಯನ್ನು ಪೂರ್ತಿ ಹೇಳಲು 40 ನಿಮಿಷದ ಅವಧಿ ಸಾಲದು, ಹೇಳಲೂ ಬೇಕಿಲ್ಲ. ಪಾಠಯೋಜನೆಯಲ್ಲಿ ಮೂರು ಚಟುವಟಿಕೆಗಳಾಗಿ ಇದನ್ನು ಬಿಡಿಸಿಕೊಳ್ಳಬಹುದು.

ಮೊದಲನೆಯದು ಕರಡು ಮತ್ತು ಅಭಿಪ್ರಾಯ. ತರಗತಿಯ ಐದು ನಿಯಮಗಳ ಕರಡನ್ನು ನಾಲ್ಕು ಮಕ್ಕಳು ಬರೆಯಲಿ. ಒಂದು ವಾರ ಅದನ್ನು ಗೋಡೆಗೆ ಅಂಟಿಸಿ. ಉಳಿದವರು ಚೀಟಿಯಲ್ಲಿ ಅಭಿಪ್ರಾಯ ಬರೆದು ಹಾಕಲಿ. ಕರಡು ಬರೆದವರು ಪ್ರತಿ ಚೀಟಿಗೂ ಒಪ್ಪಿದೆವು ಅಥವಾ ಇಂಥ ಕಾರಣಕ್ಕೆ ಒಪ್ಪಲಿಲ್ಲ ಎಂದು ಉತ್ತರ ಬರೆಯಬೇಕು. ಕಾರಣ ಬರೆಯುವ ಭಾಗವನ್ನು ಸಮಯದ ಅಭಾವವೆಂದು ಕೈಬಿಡಬಾರದು, ಚಟುವಟಿಕೆಯ ಜೀವ ಅಲ್ಲಿದೆ.

ಎರಡನೆಯದು ಎರಡು ಮಾತುಗಳ ಹೋಲಿಕೆ. ನಿಯಮವಿದ್ದರೆ ವಿದ್ಯಾರ್ಥಿಯನ್ನು ಆಟದಿಂದ ಹೊರಗಿಡಬಹುದು ಎಂದು ಒಂದು ಪಟ್ಟಿಯಲ್ಲಿ, ನ್ಯಾಯವಾದ ನಿಯಮವಿದ್ದರೆ ಮಾತ್ರ ಹೊರಗಿಡಬಹುದು ಎಂದು ಇನ್ನೊಂದು ಪಟ್ಟಿಯಲ್ಲಿ ಬರೆಯಿರಿ. ಎಡಗೈಯಲ್ಲಿ ಆಡುವವರಿಗೆ ಆಟವಿಲ್ಲ ಎಂದು ಯಾರೋ ನಿಯಮ ಮಾಡಿದರೆ ಯಾವ ಪಟ್ಟಿ ಕಾಪಾಡುತ್ತದೆ ಎಂದು ಕೇಳಿ. 21ನೆಯ ವಿಧಿಯ ಇಡೀ ಚರ್ಚೆಯನ್ನು ಎಂಟನೆಯ ತರಗತಿಯ ಮಗು ಹತ್ತು ನಿಮಿಷದಲ್ಲಿ ಹಿಡಿದುಕೊಳ್ಳುತ್ತದೆ.

ಮೂರನೆಯದು ಕಾಲರೇಖೆ. ಭಾರತ ಮತ್ತು ಬರ್ಮಾ ಎಂದು ಎರಡು ಸಮಾನಾಂತರ ಗೆರೆ ಎಳೆದು 1947, 1950, 1962, 1975, 1978 ಗುರುತಿಸಿ. ಭಾರತದ ಗೆರೆಯಲ್ಲಿ 1975ರ ಬಳಿ ಗೆರೆ ಏಕೆ ತುಂಡಾಗಲಿಲ್ಲ ಎಂಬ ಪ್ರಶ್ನೆಯನ್ನು ಗುಂಪು ಚರ್ಚೆಗೆ ಬಿಡಿ.

ಮೌಲ್ಯಮಾಪನಕ್ಕೆ ದಿನಾಂಕಗಳ ಪ್ರಶ್ನೆ ಇರಲಿ. ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿ: ಸಂವಿಧಾನದಲ್ಲಿ ಬರೆದಿರುವ ಒಂದು ಮಾತನ್ನು ಯಾರಾದರೂ ಪಾಲಿಸದಿದ್ದರೆ ನೀನು ಯಾರನ್ನು, ಹೇಗೆ ಕೇಳುವೆ? ಉತ್ತರ ಪತ್ರಿಕೆಯಲ್ಲಿ ಗ್ರಾಮ ಪಂಚಾಯಿತಿ, ಮಾಹಿತಿ ಹಕ್ಕಿನ ಅರ್ಜಿ, ನ್ಯಾಯಾಲಯ, ಮತಗಟ್ಟೆ ಇವುಗಳಲ್ಲಿ ಯಾವುದಾದರೂ ಒಂದು ಬಂದರೆ ಘಟಕದ ಉದ್ದೇಶ ಈಡೇರಿದೆ ಎಂದು ತಿಳಿಯಬಹುದು.